ಬಾಯಿಬಿಡದ ರಾಜಕುಮಾರಿ: ‘ಪ್ರಿನ್ಸೆಸ್ ಕ್ಯಾರಬೂ’ ಸಿನಿಮಾದ ಹಿಂದೆ ಮುಂದೆ

(ಚಿತ್ರಪ್ರದರ್ಶನದ ಬಳಿಕ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಿನಿಮಾ ಮುಗಿದ ಮೇಲೂ ಎದ್ದು ಹೋಗದೆ ಕೂತಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ಈಗ ನೋಡಿದ ಚಿತ್ರದಲ್ಲಿ ನಾಯಕಿಗೆ ಎಷ್ಟು ಸಂಭಾಷಣೆ ಇದೆ ಅಂತ ಗಮನಿಸಿದಿರಾ? ಚಿತ್ರದ ಬಹುಪಾಲು ಅವಳ ಬಾಯಿಂದ ಬರುವುದು ಯಾರಿಗೂ ತಿಳಿಯದ ನಾಲ್ಕಾರು ಸದ್ದು, ಅಷ್ಟೆ. ಮಿಕ್ಕ ಹೊತ್ತು ನೋಡುತ್ತಾಳೆ, ಕೇಳಿಸಿಕೊಳ್ಳುತ್ತಾಳೆ. ವಂಚಕರ ಕಥೆ ಅಂದರೆ ನಮಗೆ ನೆನಪಾಗುವುದು ಅರಳು ಹುರಿದಂತೆ ಮಾತಾಡುವ ಆಸಾಮಿ. ಇವಳು ಊರಿಗೆ ಊರಿಗೇ ಚಳ್ಳೆಹಣ್ಣು ತಿನ್ನಿಸಿದ್ದು ಬಾಯಿ ಮುಚ್ಚಿಕೊಂಡು. ಹಾಗಾದರೆ ಅವಳ ರಾಜ್ಯ, ಅವಳ ಅಪ್ಪ, ಕಡಲುಗಳ್ಳರು, ಹಡಗು, ಈ ಕಥೆಯನ್ನೆಲ್ಲ ಹೇಳಿದವರು ಯಾರು? ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಚಿತ್ರದ ವಿವರ ಚುಟುಕಾಗಿ ಹೇಳಿ ಮುಗಿಸುತ್ತೇನೆ. 1994ರ ಚಿತ್ರ. ನಿರ್ದೇಶನ ಮೈಕಲ್ ಆಸ್ಟಿನ್. ಚಿತ್ರಕಥೆಯನ್ನು ಅವರ ಜೊತೆ ಬರೆದವರು ಜಾನ್ ವೆಲ್ಸ್, ‘ಪ್ರೈವೇಟ್ ಐ’ ಪತ್ರಿಕೆಯಲ್ಲಿ ವಿಡಂಬನೆ ಬರೆದು ಹೆಸರಾದವರು. ಆಸ್ಟಿನ್ ಇದಕ್ಕೂ ಮೊದಲು 1984ರ ಟಾರ್ಜಾನ್ ಚಿತ್ರ ‘ಗ್ರೇಸ್ಟೋಕ್’ನ ಚಿತ್ರಕಥೆಯಲ್ಲಿ ಕೈ ಆಡಿಸಿದ್ದರು. ಅಲ್ಲಿ ಕಾಡಲ್ಲಿ ಬೆಳೆದವನು ನಿಜಕ್ಕೂ ಲಾರ್ಡ್ ಮನೆತನದವನು. ಇಲ್ಲಿ ರಾಜಕುಮಾರಿ ಅನ್ನಿಸಿಕೊಂಡವಳು ನಿಜಕ್ಕೂ ಮನೆಗೆಲಸದ ಹುಡುಗಿ. ಒಂದೇ ಬಟ್ಟೆಯನ್ನು ತಿರುವಿ ಹೊಲಿದ ಹಾಗಿದೆ. ನಾಯಕಿ ಫೀಬಿ ಕೇಟ್ಸ್. ಅವಳಿಗೆ ಆಸರೆ ಕೊಟ್ಟ ಮನೆಯ ಗ್ರೀಕ್ ಬಟ್ಲರ್ ಫ್ರಿಕ್ಸೋಸ್ ಆಗಿ ಕೆವಿನ್ ಕ್ಲೈನ್. ನಿಜಜೀವನದಲ್ಲಿ ಇಬ್ಬರೂ ಗಂಡಹೆಂಡತಿ. ಚಿತ್ರದಲ್ಲಿ ಅವನಿಗೆ ಅವಳನ್ನು ಕಂಡರೆ ಮೊದಲಿಂದಲೂ ಅನುಮಾನ. ಗಲ್ಲಾಪೆಟ್ಟಿಗೆಯಲ್ಲಿ ಚಿತ್ರ ಮಕಾಡೆ ಮಲಗಿತು. ಆ ಸೋಲು ಅನ್ಯಾಯದ್ದು ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದಕ್ಕಾಗಿ ಯಾರ ಜೊತೆಯೂ ಜಗಳಕ್ಕೆ ನಿಲ್ಲುವುದಿಲ್ಲ.

ಇನ್ನು ನಡೆದದ್ದೇನು ನೋಡೋಣ.

1817ರ ಏಪ್ರಿಲ್ 3, ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್. ಬ್ರಿಸ್ಟಲ್ ನಗರಕ್ಕೆ ಹತ್ತಿರದ ಆಲ್ಮಂಡ್ಸ್‌ಬರಿ ಅನ್ನುವ ಹಳ್ಳಿಯಲ್ಲಿ ಬೂಟು ಹೊಲಿಯುವವನೊಬ್ಬನಿಗೆ ಒಬ್ಬ ತರುಣಿ ಎದುರಾದಳು. ಕಪ್ಪು ಗೌನು, ತಲೆಗೆ ಕಪ್ಪು ಶಾಲಿನ ಮುಂಡಾಸು. ಅವಳ ಮಾತು ಅವನಿಗೆ ಅರ್ಥವಾಗಲಿಲ್ಲ. ಅವಳನ್ನು ಬಡವರ ಮೇಲ್ವಿಚಾರಕನ ಹತ್ತಿರ ಒಪ್ಪಿಸಿದರು, ಅವನು ನೋಲ್ ಪಾರ್ಕ್ ಅನ್ನುವ ದೊಡ್ಡ ಮನೆಗೆ ಕರೆತಂದ. ಅದು ಮ್ಯಾಜಿಸ್ಟ್ರೇಟ್ ಸ್ಯಾಮ್ಯುಯೆಲ್ ವರಾಲ್‌ನ ಮನೆ. ಹೆಂಡತಿ ಎಲಿಜಬೆತ್ ಅಮೆರಿಕದಲ್ಲಿ ಹುಟ್ಟಿದವಳು. ಮನೆಯಲ್ಲಿ ಗ್ರೀಕ್ ಆಳೊಬ್ಬನಿದ್ದ, ನಾಲ್ಕಾರು ಭಾಷೆ ಬಲ್ಲವನು. ಅವನಿಗೂ ಅವಳ ಮಾತು ತಿಳಿಯಲಿಲ್ಲ. ಎದೆಯ ಮೇಲೆ ಕೈಯಿಟ್ಟು ‘ಕ್ಯಾರಬೂ’ ಅಂದಳು. ಹೆಸರಿರಬೇಕು ಅಂದುಕೊಂಡರು.

ಆ ರಾತ್ರಿ ಅವಳನ್ನು ಹಳ್ಳಿಯ ವಸತಿಗೃಹಕ್ಕೆ ಕಳಿಸಿದರು. ಅಲ್ಲಿ ಗೋಡೆಯ ಮೇಲೆ ಅನಾನಸ್ ಹಣ್ಣಿನ ಚಿತ್ರ. ಅವಳು ಅದನ್ನು ತೋರಿಸಿ ‘ಅನಾನಸ್’ ಅಂದಳಂತೆ. ಸುತ್ತ ಇದ್ದವರು ಮುಖ ಮುಖ ನೋಡಿಕೊಂಡರು: ಹಾಗಾದರೆ ಇವಳು ಪೂರ್ವದೇಶದವಳೇ! ಅನಾನಸ್ ದಕ್ಷಿಣ ಅಮೆರಿಕದ ಹಣ್ಣು, ಪೂರ್ವಕ್ಕೆ ಅದನ್ನು ತಂದವರು ಪೋರ್ಚುಗೀಸರು, ಬ್ರಿಸ್ಟಲ್‌ನಂಥ ಬಂದರಿನಲ್ಲಿ ಯಾವ ನಾವಿಕನ ಬಾಯಲ್ಲಾದರೂ ಆ ಹೆಸರು ಕಿವಿಗೆ ಬೀಳುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಚಹಾ ಕುಡಿಯುವ ಮೊದಲು ಕಣ್ಣಿಗೆ ಕೈ ಅಡ್ಡ ಹಿಡಿದು ಏನೋ ಪ್ರಾರ್ಥನೆ ಮಾಡಿದಳು. ಎರಡನೇ ಸಲ ಕೊಟ್ಟಾಗ ಬಟ್ಟಲನ್ನು ತಾನೇ ತೊಳೆದುಕೊಂಡಳು. ನಮ್ಮ ಅಜ್ಜಿಯರು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಹಾಸಿಗೆ ತೋರಿಸಿದರೆ ಅದು ಏನೆಂದೇ ತಿಳಿಯದವಳ ಹಾಗೆ ನೆಲದ ಮೇಲೆ ಮಲಗಲು ಹೋದಳು.

ಇಲ್ಲಿ ಸ್ವಲ್ಪ ನಿಂತು ಆ ಕಾಲವನ್ನು ನೋಡಬೇಕು, ಇಲ್ಲದಿದ್ದರೆ ಇದು ಬರೀ ತಮಾಷೆಯಾಗಿ ಉಳಿಯುತ್ತದೆ. 1815ರಲ್ಲಿ ವಾಟರ್ಲೂ ಯುದ್ಧ ಮುಗಿಯಿತು. ಸೈನ್ಯದಿಂದ ಬಿಡುಗಡೆಯಾದ ಗಂಡಸರು ಕೆಲಸವಿಲ್ಲದೆ ರಸ್ತೆಗೆ ಬಿದ್ದರು. ಅದೇ ವರ್ಷ ಹೊರದೇಶದ ಅಗ್ಗದ ಧಾನ್ಯ ಒಳಗೆ ಬರದಂತೆ ಕಾನೂನು ಮಾಡಿ ಜಮೀನುದಾರರ ಹೊಟ್ಟೆ ತಣ್ಣಗಿಟ್ಟರು. 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಬೆಳೆ ನಾಶ. ಅದಕ್ಕೆ ಮುಖ್ಯ ಕಾರಣ 1815ರ ಏಪ್ರಿಲ್‌ನಲ್ಲಿ ಸಿಡಿದ ತಂಬೋರಾ ಜ್ವಾಲಾಮುಖಿ ಅಂತ ಈಗ ನಮಗೆ ಗೊತ್ತು. ತಂಬೋರಾ ಇರುವುದು ಎಲ್ಲಿ? ಜಾವಾದ ಪೂರ್ವಕ್ಕೆ, ಸುಂಬಾವ ದ್ವೀಪದಲ್ಲಿ. ಇವಳು ಯಾವ ಕಡಲಿನ ರಾಜಕುಮಾರಿ ಅನ್ನಿಸಿಕೊಂಡಳೋ ಅದೇ ಕಡಲಿನ ಬೂದಿ ಇಂಗ್ಲೆಂಡಿನ ಹೊಲಗಳನ್ನು ಹಾಳು ಮಾಡಿ ಇವಳಂಥ ಸಾವಿರಾರು ಜನರನ್ನು ದಾರಿಗೆ ದೂಡಿತ್ತು. ಕಾದಂಬರಿಕಾರ ಬರೆದರೆ ಅತಿಯಾಯಿತು ಅನ್ನುತ್ತೇವೆ.

ಭಿಕ್ಷೆ ಬೇಡುತ್ತ ಅಲೆಯುವುದು ಆಗ ಅಪರಾಧ. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು, ತನ್ನ ಬಡವರನ್ನು ತಾನೇ ಸಾಕಬೇಕು ಅನ್ನುವುದು ನಿಯಮ. ಹಾಗಾಗಿ ಪರ ಊರಿನ ಭಿಕ್ಷುಕ ಸಿಕ್ಕಿದರೆ ಶಿಕ್ಷೆ ಕೊಟ್ಟು ‘ನಿನ್ನ ಊರಿಗೆ ಹೋಗು’ ಅಂತ ಅಟ್ಟುತ್ತಿದ್ದರು. ಆದರೆ ಭಾಷೆಯೇ ತಿಳಿಯದವಳನ್ನು ಯಾವ ಊರಿಗೆ ಅಟ್ಟುವುದು? ಅವಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವಳಿಗೆ ಇದು ಗೊತ್ತಿತ್ತು. ಬ್ರಿಸ್ಟಲ್‌ನ ಬೀದಿಯಲ್ಲಿ ನಾರ್ಮಂಡಿಯ ಲೇಸು ಹೆಣೆಯುವ ಹೆಂಗಸರು ಎತ್ತರದ ಶಿರೋವಸ್ತ್ರ ತೊಟ್ಟು ಬಂದಾಗ ಜನ ಕನಿಕರದಿಂದ ನೋಡುವುದನ್ನು ಅವಳು ಕಂಡಿದ್ದಳು. ಇಂಗ್ಲಿಷ್ ಮಾತಾಡುವ ಬಡವಿ ಸೋಮಾರಿ. ಪರದೇಶಿ ಬಡವಿ ಪಾಪದವಳು. ಕಪ್ಪು ಶಾಲು ಮುಂಡಾಸಾದದ್ದು ಹೀಗೆ.

ಆದರೂ ವರಾಲ್‌ಗೆ ಅನುಮಾನ. ಇವಳು ಭಿಕ್ಷುಕಿಯೇ ಅಂತ ತೀರ್ಮಾನಿಸಿ ಬ್ರಿಸ್ಟಲ್‌ಗೆ ಸಾಗಿಸಿದ. ಅಲ್ಲಿ ಬಡವರಿಗಾಗಿ ಇದ್ದ ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿಟ್ಟರು. ನೋಡಲು ಜನ ಬರತೊಡಗಿದರು. ಪ್ರತಿಯೊಬ್ಬರ ಜೊತೆಗೂ ಯಾವುದೋ ಭಾಷೆ ಬಲ್ಲ ಒಬ್ಬ ಪರದೇಶಿ. ಕೊನೆಗೆ ಮ್ಯಾನ್ಯುಯೆಲ್ ಐನೆಸ್ಸೋ ಅನ್ನುವ ಪೋರ್ಚುಗೀಸ್ ನಾವಿಕ ಬಂದ. ಅವಳ ಜೊತೆ ಕೂತು ಮಾತಾಡಿ ಎದ್ದವನು ಇಡೀ ಪುರಾಣವನ್ನೇ ಬಿಚ್ಚಿದ: ಇವಳು ಹಿಂದೂ ಮಹಾಸಾಗರದ ಜವಾಸು ದ್ವೀಪದ ರಾಜಕುಮಾರಿ. ಕಡಲುಗಳ್ಳರು ಹೊತ್ತೊಯ್ದರು. ಬ್ರಿಸ್ಟಲ್ ಕಾಲುವೆ ಅನ್ನುವ ಕಡಲಿನ ಕೊಲ್ಲಿಯಲ್ಲಿ ಹಡಗಿನಿಂದ ಹಾರಿ ಈಜಿ ದಡ ಸೇರಿದಳು.

ಈ ಘಟ್ಟವನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಅವಳು ಆಡಿದ್ದು ಇಲ್ಲದ ಭಾಷೆ. ಇಲ್ಲದ ಭಾಷೆಯನ್ನು ಅವನು ಇಂಗ್ಲಿಷಿಗೆ ತಂದ! ಜವಾಸುವಿನ ಮೊದಲ ಕವಿ ಇವನೇ. ಅವಳು ಮಾಡಬೇಕಾದದ್ದು ಇಷ್ಟೆ: ಅವನು ಹೇಳಿದ್ದನ್ನೆಲ್ಲ ಪಕ್ಕದಲ್ಲೇ ಕೂತು, ಇಂಗ್ಲಿಷ್ ಬಾರದವಳ ಮುಖ ಹೊತ್ತು, ಒಂದಕ್ಷರ ಬಿಡದೆ ನೆನಪಿಟ್ಟುಕೊಳ್ಳುವುದು.

ಭಿಕ್ಷುಕಿಯಾಗಿ ಹೋದವಳು ರಾಜಕುಮಾರಿಯಾಗಿ ನೋಲ್ ಪಾರ್ಕಿಗೆ ವಾಪಸ್ಸಾದಳು. ಅಲ್ಲಿಂದ ಎಲ್ಲ ಸೇರಿ ಹತ್ತು ವಾರಗಳ ವೈಭವ. ಬಿಲ್ಲುಬಾಣ ಹಿಡಿದಳು, ಕತ್ತಿವರಸೆ ಮಾಡಿದಳು, ಯಾರೂ ಇಲ್ಲದಾಗ ಕೆರೆಯಲ್ಲಿ ಬೆತ್ತಲೆ ಈಜಿದಳು, ಮರ ಹತ್ತಿ ಕೂತು ‘ಅಲ್ಲಾ ತಲ್ಲಾ’ ಅನ್ನುವ ದೇವರನ್ನು ಪ್ರಾರ್ಥಿಸಿದಳು. ಮಂಗಳವಾರ ಉಪವಾಸ. ಪಾರಿವಾಳ ಕೊಟ್ಟರೆ ಅದರ ತಲೆ ಕತ್ತರಿಸಿ ಮಣ್ಣಲ್ಲಿ ಹೂತು, ಉಳಿದದ್ದನ್ನು ತಾನೇ ಬೇಯಿಸಿಕೊಂಡಳು. ಅಪ್ಪ ಚೀನಾದವನು, ತಾಯಿ ಮಲಯದವಳು, ತಾಯಿಯನ್ನು ‘ಬೂಗೂ’ ಅನ್ನುವ ನರಭಕ್ಷಕರು ಕೊಂದರು ಅನ್ನುವಷ್ಟರ ಮಟ್ಟಿಗೆ ಕಥೆ ಬೆಳೆಯಿತು.

ಇದನ್ನೆಲ್ಲ ಅವಳು ಕಲಿತದ್ದೆಲ್ಲಿ? ಬಹುಮಟ್ಟಿಗೆ ಅದೇ ಮನೆಯ ಹಜಾರದಲ್ಲಿ. ಪೂರ್ವದೇಶ ಸುತ್ತಿಬಂದ ಮಹನೀಯರು ಅವಳೆದುರೇ ನಿಂತು ‘ಜಾವಾದ ಹೆಂಗಸರು ಹೀಗೆ ಮಾಡುತ್ತಾರೆ, ಚೀನಾದಲ್ಲಿ ಹಾಗೆ’ ಅಂತ ಚರ್ಚಿಸುತ್ತಿದ್ದರು, ಚಿತ್ರಗಳಿದ್ದ ಪುಸ್ತಕ ತೆಗೆದು ತೋರಿಸುತ್ತಿದ್ದರು. ಹೇಗೂ ಅವಳಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ! ಮಾರನೆಯ ದಿನ ಅವಳು ಹಾಗೇ ಮಾಡುವಳು. ‘ನಾನು ಹೇಳಲಿಲ್ಲವೆ?’ ಅಂತ ಅವರು ಬೀಗುವರು. ಪರೀಕ್ಷೆ ಬರೆಯುವವಳ ಮುಂದೆ ಪರೀಕ್ಷಕರೇ ಉತ್ತರ ಓದಿ ಹೇಳಿ ನೂರಕ್ಕೆ ನೂರು ಕೊಟ್ಟಂತಾಯಿತು.

ಅವಳ ಪ್ರತಿಭೆ ಎಲ್ಲಿಂದ ಬಂತು ಅನ್ನುವುದನ್ನು ಚಿತ್ರ ಮುಖಭಾವದಲ್ಲೇ ಹೇಳಿಬಿಡುತ್ತದೆ. ಅವಳು ಮನೆಗೆಲಸದವಳು. ಯಜಮಾನರು ಮಾತಾಡುವಾಗ ಗೋಡೆಯ ಹಾಗೆ ನಿಲ್ಲುವುದು, ಕೇಳಿಸಿದರೂ ಕೇಳಿಸದ ಹಾಗಿರುವುದು, ಯಾರಿಗೆ ಏನು ಬೇಕು ಅನ್ನುವುದನ್ನು ಅವರು ಬಾಯಿಬಿಡುವ ಮೊದಲೇ ತಿಳಿಯುವುದು, ಇದು ಆ ಕಸುಬಿನ ಮೊದಲ ಪಾಠ. ನೋಲ್ ಪಾರ್ಕಿನಲ್ಲೂ ಅವಳು ಅದೇ ಕೆಲಸ ಮುಂದುವರಿಸಿದಳು, ಈ ಸಲ ಮೇಲಿನ ಕುರ್ಚಿಯಲ್ಲಿ ಕೂತು. ಫೀಬಿ ಕೇಟ್ಸ್ ಅಭಿನಯದಲ್ಲಿ ನನಗೆ ಹಿಡಿಸಿದ್ದು ಇದು. ಯಾರಾದರೂ ಮಾತಾಡುತ್ತಿದ್ದರೆ ಅವರ ಕಣ್ಣು ಮಾತಾಡುವವರ ತುಟಿಯ ಮೇಲಿರುತ್ತದೆ, ಕ್ಷಣಮಾತ್ರ, ಆಮೇಲೆ ಬೇರೆ ಎಲ್ಲೋ ಹೊರಳುತ್ತದೆ. ಬಹಳ ಹೊತ್ತಿನವರೆಗೆ ಚಿತ್ರ ನಮಗೂ ಗುಟ್ಟು ಬಿಟ್ಟುಕೊಡುವುದಿಲ್ಲ. ನಾವೂ ವರಾಲ್ ದಂಪತಿಗಳ ಸಾಲಿನಲ್ಲೇ ಕೂತು ಇವಳು ರಾಜಕುಮಾರಿಯಾಗಿದ್ದರೆ ಚೆನ್ನ ಅಂತ ಆಸೆ ಪಡುತ್ತೇವೆ.

ನಮ್ಮ ಉತ್ತರ ಕರ್ನಾಟಕದ ಹಗಲುವೇಷದವರನ್ನು ನೋಡಿದವರು ಇಲ್ಲಿ ಇರಬಹುದು. ಅಲ್ಲಿ ವೇಷದ ಒಳಗಿರುವವನು ಯಾರೆಂದು ಮನೆಯವರಿಗೆಲ್ಲ ಗೊತ್ತು. ಗೊತ್ತಿದ್ದೇ ಮೆಚ್ಚಿ ಕಾಳುಕಡಿ ಕೊಡುತ್ತಾರೆ. ನೋಲ್ ಪಾರ್ಕಿನಲ್ಲಿ ಗೊತ್ತಿದ್ದದ್ದು, ಕನಿಷ್ಠ ವಾಸನೆ ಹಿಡಿದದ್ದು, ಅಡುಗೆಮನೆಯವರಿಗೆ ಮಾತ್ರ. ಅವಳು ನಿದ್ದೆಗಣ್ಣಿನಲ್ಲಾದರೂ ಇಂಗ್ಲಿಷ್ ಆಡುತ್ತಾಳೇನೋ ಅಂತ ಆಳುಗಳು ಕಿವಿಗೊಟ್ಟಿದ್ದರಂತೆ. ಬಡವರನ್ನು ಬಡವರೇ ಗುರುತು ಹಿಡಿಯುವುದು. ಕ್ಲೈನ್ ಅವರ ಫ್ರಿಕ್ಸೋಸ್ ಪಾತ್ರ ಹುಟ್ಟಿರುವುದು ಇಲ್ಲಿಂದ. ಅವನಿಗೆ ಸಿಟ್ಟು ಅವಳು ಸುಳ್ಳು ಹೇಳುತ್ತಾಳೆ ಅಂತಷ್ಟೇ ಅಲ್ಲ. ತಾನು ನಿಜವಾದ ಪರದೇಶಿ, ಆ ಮನೆಯಲ್ಲಿ ತನಗೆ ಸಿಕ್ಕಿದ್ದು ಟ್ರೇ ಹಿಡಿಯುವ ಕೆಲಸ. ನಕಲಿ ಪರದೇಶಿಗೆ ಪಲ್ಲಕ್ಕಿ. ಕ್ಲೈನ್ ಆ ಉರಿಯನ್ನು ಮೂಗಿನ ಹೊಳ್ಳೆಯಲ್ಲೇ ತೋರಿಸುತ್ತಾರೆ.

ಈಗ ಪಂಡಿತರ ಸರದಿ. ಬಾತ್ ಊರಿನ ಡಾಕ್ಟರ್ ವಿಲ್ಕಿನ್ಸನ್, ಗಾಲ್ವನಿಸಂ ಅಂದರೆ ವಿದ್ಯುತ್ತಿನ ಮೇಲೆ ಪುಸ್ತಕ ಬರೆದವನು. ಚಿತ್ರದಲ್ಲಿ ಜಾನ್ ಲಿಥ್ಗೋ ಮಾಡಿದ್ದಾರಲ್ಲ, ಆ ಪ್ರೊಫೆಸರ್. ಚಿತ್ರದವನು ಮೊದಮೊದಲು ಅನುಮಾನಿಸಿ ಆಮೇಲೆ ಕರಗುತ್ತಾನೆ. ನಿಜವಾದವನಿಗೆ ಕರಗಲು ಅಷ್ಟು ಹೊತ್ತೇ ಬೇಕಾಗಲಿಲ್ಲ. ಎಡ್ಮಂಡ್ ಫ್ರೈ ಅನ್ನುವ ಅಚ್ಚುಮೊಳೆ ತಯಾರಕ 1799ರಲ್ಲಿ ‘ಪ್ಯಾಂಟೋಗ್ರಾಫಿಯಾ’ ಅಂತ ಜಗತ್ತಿನ ಲಿಪಿಗಳ ಮಾದರಿಗಳನ್ನೆಲ್ಲ ಕೂಡಿಹಾಕಿ ಪುಸ್ತಕ ತಂದಿದ್ದ. ವಿಲ್ಕಿನ್ಸನ್ ಅದನ್ನು ಬಿಚ್ಚಿಟ್ಟುಕೊಂಡು ಅವಳ ಭಾಷೆ ನಿಜವಾದದ್ದೇ ಅಂತ ಸಾರಿದ, ಪತ್ರಿಕೆಗೂ ಬರೆದ. ಅವಳು ಗೀಚಿದ ಕಾಗದ ಲಂಡನ್ನಿಗೆ ಹೋಯಿತು, ಜಾವಾ ಆಳಿ ಬಂದಿದ್ದ ರಾಫಲ್ಸನ ಕಣ್ಣಿಗೂ ಬಿತ್ತು; ಅವನಿಗೆ ಓದಲಾಗಲಿಲ್ಲ. ಆಕ್ಸ್‌ಫರ್ಡಿನ ರಿಚರ್ಡ್ ವೇಟ್ಲಿ ಮಾತ್ರ ಇದು ಯಾವ ಭಾಷೆಯೂ ಅಲ್ಲ, ಬರೀ ಬುರುಡೆ ಅಂದ. ಅವನ ಮಾತು ಯಾರಿಗೆ ಬೇಕಿತ್ತು?

ವಿಲ್ಕಿನ್ಸನ್ ಕೊಟ್ಟ ಪುರಾವೆಗಳಲ್ಲಿ ಒಂದು ನನ್ನನ್ನು ಬಿಟ್ಟೂಬಿಡದೆ ಕಾಡುತ್ತದೆ. ಅವಳ ತಲೆಯ ಹಿಂಭಾಗದಲ್ಲಿ ಗಾಯದ ಗುರುತುಗಳಿದ್ದವು. ಇವು ಪೂರ್ವದೇಶದ ಶಸ್ತ್ರವೈದ್ಯರ ಕೈಕೆಲಸ ಅಂತ ಅವನು ಬರೆದ. ನಿಜ ಏನೆಂದರೆ, ಹಿಂದೆ ಅವಳು ಲಂಡನ್ನಿನಲ್ಲಿ ಜ್ವರ ಬಂದು ಬಿದ್ದಾಗ ಬಡವರ ಆಸ್ಪತ್ರೆಯೊಂದರಲ್ಲಿ ಅವಳ ಚರ್ಮ ಗೀರಿ, ಬಟ್ಟಲು ಬೋರಲು ಹಾಕಿ ರಕ್ತ ತೆಗೆದಿದ್ದರು. ಇಂಗ್ಲಿಷ್ ಡಾಕ್ಟರೊಬ್ಬ ಇಂಗ್ಲಿಷ್ ಡಾಕ್ಟರುಗಳ ಕೆಲಸವನ್ನೇ ಗುರುತಿಸಲಾರದೆ ಹೋದ. ಬಡವರಿಗೆ ಮಾಡುತ್ತಿದ್ದ ಚಿಕಿತ್ಸೆ ಅವನ ಕಣ್ಣಿಗೆ ಅಷ್ಟು ದೂರದ್ದು, ಜಾವಾಕ್ಕಿಂತ ದೂರದ್ದು. ಚಿತ್ರಕಥೆಗಾರರು ತಲೆಕೆಡಿಸಿಕೊಂಡು ಕಟ್ಟಿದರೂ ಇಷ್ಟು ಕ್ರೂರವಾದ ಹಾಸ್ಯ ಹುಟ್ಟುತ್ತಿರಲಿಲ್ಲ.

ಅಷ್ಟಕ್ಕೂ ಆ ಜನ ಪೂರ್ತಿ ಪೆದ್ದರೇನಲ್ಲ. ಪೂರ್ವದೇಶದ ಹುಚ್ಚು ಆಗ ಇಂಗ್ಲೆಂಡಿನ ಗಾಳಿಯಲ್ಲೇ ಇತ್ತು. ಪ್ರಿನ್ಸ್ ರೀಜೆಂಟ್, ಅಂದರೆ ಅಪ್ಪನ ಬದಲು ರಾಜ್ಯಭಾರ ನಡೆಸುತ್ತಿದ್ದ ಯುವರಾಜ, ಬ್ರೈಟನ್‌ನಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಷ್ ಕೈಯಲ್ಲಿ ಅರಮನೆ ಕಟ್ಟಿಸುತ್ತಿದ್ದ. ಹೊರಗೆ ಹಿಂದೂಸ್ತಾನದ ಗುಮ್ಮಟ, ಒಳಗೆ ಚೀನಾದ ಅಲಂಕಾರ. ಚಿತ್ರದಲ್ಲಿ ಅವನು ನೃತ್ಯಕೂಟಕ್ಕೆ ಬಂದು ಕ್ಯಾರಬೂ ಜೊತೆ ಕುಣಿಯುವುದು ಕಟ್ಟುಕಥೆಯೇ ಆದರೂ ಅವನ ಅಭಿರುಚಿಗೆ ಸರಿಯಾಗಿದೆ. ನಮ್ಮ ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತೊಯ್ದ ಟಿಪ್ಪುವಿನ ಹುಲಿ ಗೊಂಬೆ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು; ಜನ ಬಂದು ಹಿಡಿಕೆ ತಿರುಗಿಸಿ ಅದರ ಗರ್ಜನೆ ಕೇಳಿ ಹೋಗುತ್ತಿದ್ದರು. ಜಾವಾವನ್ನೂ ಕಂಪನಿ 1811ರಲ್ಲಿ ಹಿಡಿದು 1816ರವರೆಗೆ ಆಳಿತ್ತು. ಕೈಫಿಯತ್ತುಗಳ, ಅಂದರೆ ಊರೂರಿನ ಚರಿತ್ರೆಯ ದಾಖಲೆಗಳ, ಕಾರಣಕ್ಕೆ ನಮಗೆಲ್ಲ ಗೊತ್ತಿರುವ ಕಾಲಿನ್ ಮೆಕೆಂಝಿ, ಮೈಸೂರು ಸೀಮೆಯ ಸರ್ವೆ ಮುಗಿಸಿದ ಮೇಲೆ ಆ ದಂಡಿನ ಜೊತೆ ಜಾವಾಕ್ಕೆ ಹೋಗಿ ಅಲ್ಲೂ ಹಸ್ತಪ್ರತಿ ಕೂಡಿಸಿದವನು. ರಾಫಲ್ಸ್ ತನ್ನ ‘ಜಾವಾದ ಇತಿಹಾಸ’ ಪ್ರಕಟಿಸಿದ್ದು 1817ರಲ್ಲಿ, ಅಂದರೆ ಕ್ಯಾರಬೂ ಬಂದ ವರ್ಷವೇ. ಜಾವಾದ ಬಗ್ಗೆ ಮಾತಾಡುವವರು ಊರಿಗೆ ಹತ್ತು ಜನ, ಜಾವಾದವರನ್ನು ಕಣ್ಣಾರೆ ಕಂಡವರು ವಿರಳ. ನಕಲಿಗೆ ಇದಕ್ಕಿಂತ ಒಳ್ಳೆಯ ಸಂತೆ ಬೇರೆ ಸಿಗದು.

ಮುರಿದುಬಿದ್ದದ್ದು ಮೆರೆದದ್ದರಿಂದಲೇ. ಎಡ್ವರ್ಡ್ ಬರ್ಡ್ ಅನ್ನುವ ಹೆಸರಾಂತ ಕಲಾವಿದ ಅವಳ ಚಿತ್ರ ಬರೆದ, ಪತ್ರಿಕೆಗಳಲ್ಲಿ ಅವಳ ರೂಪ, ವೇಷ, ನಡೆನುಡಿ ಎಲ್ಲ ಬಂತು. ನಡುವೆ ಒಮ್ಮೆ ನೋಲ್ ಪಾರ್ಕಿನಿಂದ ತಪ್ಪಿಸಿಕೊಂಡು ಬಾತ್ ಊರಿಗೆ ಹೋದಳು. ಹಿಂದೆಯೇ ಓಡಿಬಂದ ಎಲಿಜಬೆತ್‌ಗೆ ಕಂಡದ್ದೇನು? ಸಿರಿವಂತರ ಹಜಾರ, ಕಿಕ್ಕಿರಿದ ಹೆಂಗಸರು, ಒಬ್ಬಳು ಮಂಡಿಯೂರಿ ಇವಳ ಕೈ ಹಿಡಿದಿದ್ದಾಳೆ, ಇನ್ನೊಬ್ಬಳು ಒಂದು ಚುಂಬನಕ್ಕಾಗಿ ಅಂಗಲಾಚುತ್ತಿದ್ದಾಳೆ. ಇತ್ತ ಬ್ರಿಸ್ಟಲ್‌ನಲ್ಲಿ ಬಾಡಿಗೆಗೆ ಕೋಣೆ ಕೊಡುವ ಶ್ರೀಮತಿ ನೀಲ್ ಪತ್ರಿಕೆ ನೋಡಿ, ಇವಳು ನಮ್ಮನೆಯಲ್ಲಿದ್ದ ಹುಡುಗಿಯಲ್ಲವೆ ಅಂದಳು. ಅಲ್ಲಿದ್ದಾಗ ಮನೆಯ ಹೆಣ್ಣುಮಕ್ಕಳನ್ನು ನಗಿಸಲು ಇವಳು ತಲೆಗೆ ಮುಂಡಾಸು ಸುತ್ತಿ ಹುಚ್ಚು ಭಾಷೆ ಆಡುತ್ತಿದ್ದಳು. ಆಟದ ಪೂರ್ವಾಭ್ಯಾಸ ನೋಡಿದವಳು ಸಾಕ್ಷಿಯಾಗಿ ಬಂದಳು. ಎಲಿಜಬೆತ್ ಅವಳನ್ನು ಬ್ರಿಸ್ಟಲ್‌ಗೆ ಕರೆತಂದು ಎದುರು ನಿಲ್ಲಿಸಿ ಕೇಳಿದಾಗ ಸತ್ಯ ಹೊರಬಂತು.

ಹೆಸರು ಮೇರಿ ವಿಲ್‌ಕಾಕ್ಸ್. ಮೇರಿ ಬೇಕರ್ ಅಂತಲೂ ಹೇಳಿಕೊಳ್ಳುತ್ತಿದ್ದಳು. ಡೆವನ್ ಸೀಮೆಯ ವಿದರಿಡ್ಜ್ ಹಳ್ಳಿ. ಅಪ್ಪ ಬೂಟು ಹೊಲಿಯುವವನು. ಹೌದು, ಅವಳನ್ನು ಮೊದಲು ಕಂಡದ್ದೂ ಒಬ್ಬ ಬೂಟು ಹೊಲಿಯುವವನೇ. ವಯಸ್ಸು ಇಪ್ಪತ್ತೈದರ ಸುಮಾರು. ಮನೆ ಮನೆ ಚಾಕರಿ, ದಾರಿ ಮೇಲೆ ಭಿಕ್ಷೆ, ಜಾರಿದ ಹೆಣ್ಣುಗಳನ್ನು ತಿದ್ದುವ ಲಂಡನ್ನಿನ ಮ್ಯಾಗ್ಡಲೆನ್ ಆಸ್ಪತ್ರೆ, ಎಲ್ಲ ಕಂಡು ಬಂದವಳು. ಅವಳಿಗೆ ಬೇಕಾಗಿದ್ದದ್ದು ಅಮೆರಿಕಕ್ಕೆ ಹೋಗಲು ಹಡಗಿನ ಚಾರ್ಜು. ಈಗ ಎಲಿಜಬೆತ್ ವರಾಲ್ ಏನು ಮಾಡಿದಳು ಗೊತ್ತೆ? ಮಾನ ಉಳಿಯಲಿ ಅಂತಲೋ, ಇನ್ನೂ ಉಳಿದಿದ್ದ ಪ್ರೀತಿಯಿಂದಲೋ, ತಾನೇ ಖರ್ಚು ಕೊಟ್ಟು ಅವಳನ್ನು ಫಿಲಡೆಲ್ಫಿಯಾಕ್ಕೆ ಹಡಗು ಹತ್ತಿಸಿದಳು. 1817ರ ಜೂನ್ 28. ಸಿಕ್ಕಿಬಿದ್ದದ್ದರಿಂದಲೇ ಕೆಲಸ ಕೈಗೂಡಿತು!

ಪತ್ರಿಕೆಗಳು ನಕ್ಕದ್ದು ಮೇರಿಯನ್ನು ನೋಡಿ ಅಲ್ಲ. ವಿಲ್ಕಿನ್ಸನ್‌ನನ್ನು, ಬಾತ್ ಊರಿನ ನಾಜೂಕು ಮಂದಿಯನ್ನು ನೋಡಿ. ಓದುಬರಹ ನೆಟ್ಟಗಿಲ್ಲದ ಹುಡುಗಿ ಪದವಿಯವರನ್ನೆಲ್ಲ ಕುಣಿಸಿದಳು ಅನ್ನುವ ಖುಷಿ ಎಷ್ಟು ದೂರ ಹೋಯಿತೆಂದರೆ, ಅವಳ ಹಡಗು ಗಾಳಿಗೆ ಸಿಕ್ಕಿ ಸೇಂಟ್ ಹೆಲೆನಾ ದ್ವೀಪದ ಬಳಿ ಬಂತು, ದೋಣಿ ಹುಟ್ಟುಹಾಕಿ ದಡ ಸೇರಿದಳು, ಸೆರೆಯಲ್ಲಿದ್ದ ನೆಪೋಲಿಯನ್ ಇವಳಿಗೆ ಮನಸೋತ ಅಂತ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್ ಪತ್ರಿಕೆಯೊಂದರಲ್ಲಿ ಕಾಗದ ಅಚ್ಚಾಯಿತು. ಹಸಿ ಸುಳ್ಳು. ಅವಳು ಅಟ್ಲಾಂಟಿಕ್ ದಾಟಿದ ಮೇಲೂ ಅವಳ ಪರವಾಗಿ ಸುಳ್ಳು ಹೇಳಲು ಜನ ತಯಾರಿದ್ದರು.

ಆ ಪತ್ರಿಕೆಯ ಸಂಪಾದಕ ಜಾನ್ ಮ್ಯಾಥ್ಯೂ ಗುಚ್. ಅವನೇ ಅದೇ ವರ್ಷ ಈ ಪ್ರಕರಣದ ಮೇಲೆ ಪುಸ್ತಕ ತಂದ. ಇಂದು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಅಲ್ಲಿಂದ. ಚಿತ್ರದಲ್ಲಿ ಸ್ಟೀಫನ್ ರೀಯಾ ಮಾಡಿರುವ ಗುಚ್ ಅವಳನ್ನು ಪ್ರೀತಿಸುತ್ತಾನೆ, ಅವಳ ಹಿಂದೆ ಅಮೆರಿಕಕ್ಕೂ ಹೋಗುತ್ತಾನೆ. ನಿಜವಾದ ಗುಚ್ ನಲವತ್ತರ ಆಸುಪಾಸಿನ ಪತ್ರಿಕೋದ್ಯಮಿ, ಶಾಲೆಯಲ್ಲಿ ಕವಿ ಕೋಲ್‌ರಿಜ್‌ನ ಜೊತೆಗಾರ, ಎಲ್ಲಿಗೂ ಹೋಗಲಿಲ್ಲ. ಚಿತ್ರ ನನಗೆ ಸಪ್ಪೆ ಅನ್ನಿಸುವುದು ಇಲ್ಲೇ. ಒಂದೂಕಾಲು ಗಂಟೆ ಯಾರ ಆಸರೆಯೂ ಇಲ್ಲದೆ ಆಟ ಆಡಿದವಳಿಗೆ ಕೊನೆಗೆ ಒಬ್ಬ ಗಂಡಸನ್ನು ಗಂಟುಹಾಕಿ ಸುಖಾಂತ ಮಾಡಿಬಿಡುತ್ತಾರೆ. ಆದರೆ ಇನ್ನೊಂದು ಬದಲಾವಣೆಗೆ ಭೇಷ್ ಅನ್ನಬೇಕು. ಚಿತ್ರದ ವರಾಲ್, ಅಂದರೆ ಜಿಮ್ ಬ್ರಾಡ್‌ಬೆಂಟ್, ಇವಳ ಹೆಸರು ಹೇಳಿ ಮಸಾಲೆ ವ್ಯಾಪಾರಕ್ಕೆ ಬಂಡವಾಳ ಎತ್ತಲು ಹೊರಡುತ್ತಾನೆ. ಅವಳು ಹೊಟ್ಟೆಪಾಡಿಗೆ ಹೇಳಿದ ಸುಳ್ಳಿನ ಮೇಲೆ ಅವನು ಲಾಭದ ಸುಳ್ಳು ಕಟ್ಟುತ್ತಾನೆ. ಬ್ರಾಡ್‌ಬೆಂಟ್ ಆಗಾಗ ಬೆವರು ಒರೆಸಿಕೊಳ್ಳುವ ಪರಿ ನೋಡಿ, ಯಾವ ಊರಿನ ಚೀಟಿ ವ್ಯವಹಾರದವನಾದರೂ ನೆನಪಾಗುತ್ತಾನೆ.

ಆ ಕಾಲದಲ್ಲಿ ಅದು ನಡೆದದ್ದೂ ಹೌದು, ಬೇರೆಯವನ ಕೈಯಲ್ಲಿ. ಗ್ರೆಗರ್ ಮ್ಯಾಕ್‌ಗ್ರೆಗರ್ ಅನ್ನುವ ಸ್ಕಾಟ್ಲೆಂಡಿನ ಸೈನ್ಯಾಧಿಕಾರಿ 1821ರ ಹೊತ್ತಿಗೆ ಲಂಡನ್ನಿಗೆ ಬಂದು, ಮಧ್ಯ ಅಮೆರಿಕದ ಪೋಯೈಸ್ ಅನ್ನುವ ದೇಶದ ದೊರೆ ತಾನು ಅಂದ. ಅಂಥ ದೇಶವೇ ಇರಲಿಲ್ಲ. ಮರುವರ್ಷ ಅದರ ಹೆಸರಲ್ಲಿ 2,00,000 ಪೌಂಡ್ ಸಾಲಪತ್ರ ಮಾರಾಟಕ್ಕಿಟ್ಟ, ನೋಟು ಅಚ್ಚು ಹಾಕಿಸಿದ, ಜಮೀನು ಮಾರಿದ. ಎರಡು ಹಡಗುಗಳಲ್ಲಿ ಸುಮಾರು 250 ಜನ ಹೊರಟು ಹೋಗಿ ನೋಡಿದರೆ ಅಲ್ಲಿ ಕಾಡು, ಕೊಚ್ಚೆ, ಜ್ವರ. ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಅವನು 1845ರಲ್ಲಿ ಕ್ಯಾರಕಸ್‌ನಲ್ಲಿ ಸತ್ತಾಗ ಸೇನಾ ಗೌರವದಿಂದ ಹೂತರು. ಇನ್ನು 1910ರಲ್ಲಿ ಉಳ್ಳವರ ಮನೆಯ ಆರು ಜನ ಮಕ್ಕಳು, ಅವರಲ್ಲಿ ನಾಲ್ವರು ಮುಖಕ್ಕೆ ಕಪ್ಪು ಬಳಿದು, ಗಡ್ಡ ಅಂಟಿಸಿಕೊಂಡು, ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ರಾಜಮನೆತನದವರಾಗಿ, ಡ್ರೆಡ್‌ನಾಟ್ ಯುದ್ಧನೌಕೆ ಹತ್ತಿ ನೌಕಾಪಡೆಯ ಮರ್ಯಾದೆ ಪಡೆದು ಬಂದರು. ಮುಂದೆ ಲೇಖಕಿಯಾಗಿ ಹೆಸರಾದ ವರ್ಜೀನಿಯಾ ವುಲ್ಫ್ ಆ ಗುಂಪಿನಲ್ಲಿದ್ದರು. ಶಿಕ್ಷೆ ಅಂದರೆ ಇಬ್ಬರಿಗೆ ನೆಪಕ್ಕೆ ಬೆತ್ತದೇಟು. ಮೇರಿ ಕದ್ದದ್ದೇನು? ಹತ್ತು ವಾರಗಳ ಊಟ, ವಸತಿ.

ಸಭೆಯಲ್ಲಿ ಒಬ್ಬರು ಕೇಳಿದರು: ಗಂಡಸಾಗಿದ್ದರೆ ಇವಳಿಗೆ ಇನ್ನೂ ಸಲೀಸಾಗುತ್ತಿತ್ತೇ? ಸಾಲ್ಮನಜರ್ ಅನ್ನುವವನ ಕಥೆಯಲ್ಲಿ ಉತ್ತರ ಇದೆ. ಫ್ರಾನ್ಸ್ ಕಡೆಯವನು, ತಾನು ಫಾರ್ಮೋಸಾ (ಇಂದಿನ ತೈವಾನ್) ದ್ವೀಪದವನು ಅಂತ ಲಂಡನ್ನಿಗೆ ಬಂದ, 1704ರಲ್ಲಿ ಆ ದೇಶದ ಮೇಲೆ ಇಡೀ ಪುಸ್ತಕವನ್ನೇ ಬರೆದ. ಅಲ್ಲಿ ವರ್ಷಕ್ಕೆ 18,000 ಹುಡುಗರ ಎದೆ ಬಗೆದು ಬಲಿ ಕೊಡುತ್ತಾರೆ ಅಂತ ಬೇರೆ ಸೇರಿಸಿದ. ಎಡ್ಮಂಡ್ ಹ್ಯಾಲಿಯಂಥ ಖಗೋಳಜ್ಞರು ಪ್ರಶ್ನೆ ಹಾಕಿ ಅವನನ್ನು ಕಟ್ಟಿಹಾಕಲು ನೋಡಿದರು. ಗಂಡಸಾದ್ದರಿಂದ ಅವನನ್ನು ವಿದ್ವಾಂಸನೆಂದು ಕೂರಿಸಿದರು, ವಿದ್ವಾಂಸನಾದ್ದರಿಂದ ಮಾತಾಡಲೇಬೇಕಾಯಿತು, ಮಾತಾಡಿದಷ್ಟೂ ಸಿಕ್ಕಿಕೊಂಡ. ಮೇರಿಯಿಂದ ಯಾರೂ ಜ್ಞಾನ ಬಯಸಲಿಲ್ಲ. ನೋಡಲು ಚೆನ್ನಾಗಿದ್ದು ಸುಮ್ಮನಿದ್ದರೆ ಸಾಕಿತ್ತು.

ಇನ್ನೊಬ್ಬರ ಪ್ರಶ್ನೆ: ಅಮೆರಿಕದಿಂದ ಮುಂದೇನಾಯಿತು? ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 1824ರಲ್ಲಿ ಇಂಗ್ಲೆಂಡಿಗೆ ವಾಪಸು ಬಂದು ಲಂಡನ್ನಿನ ನ್ಯೂ ಬಾಂಡ್ ಸ್ಟ್ರೀಟಿನಲ್ಲಿ ‘ರಾಜಕುಮಾರಿ ಕ್ಯಾರಬೂ’ ಅಂತ ಟಿಕೆಟ್ ಇಟ್ಟು ತನ್ನನ್ನೇ ಪ್ರದರ್ಶನಕ್ಕಿಟ್ಟಳು. ಜನ ಅಷ್ಟಾಗಿ ಬರಲಿಲ್ಲ. ಬೇರೆಯವರು ಕಟ್ಟಿದಾಗ ಓಡಿದ ಕಥೆ ಅವಳೇ ಹೇಳಲು ನಿಂತಾಗ ಓಡಲಿಲ್ಲ. ಆಮೇಲೆ ಬ್ರಿಸ್ಟಲ್‌ನ ಬೆಡ್‌ಮಿನ್‌ಸ್ಟರ್‌ನಲ್ಲಿ ನೆಲೆ ನಿಂತು, ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತಳು. 1839ರ ಹೊತ್ತಿಗೆ ಅವಳ ಕಸುಬು ಜಿಗಣೆ ಮಾರಾಟ. ನೀರಿನ ಜಿಗಣೆ, ನಮ್ಮ ಮಲೆನಾಡಿನವರು ಕಾಲಿನಿಂದ ಕಿತ್ತೆಸೆಯುವ ಇಂಬಳವಲ್ಲ. ರಕ್ತ ಹೀರಿಸುವ ಚಿಕಿತ್ಸೆಗಾಗಿ ಬ್ರಿಸ್ಟಲ್ ಇನ್‌ಫರ್ಮರಿ ಆಸ್ಪತ್ರೆಗೆ ಅವುಗಳನ್ನು ಪೂರೈಸುತ್ತಿದ್ದಳು. ತಲೆಯ ಹಿಂದಿನ ಆ ಗುರುತುಗಳನ್ನು ನೆನಪಿಸಿಕೊಳ್ಳಿ: ಒಂದು ಕಾಲಕ್ಕೆ ಡಾಕ್ಟರುಗಳು ಅವಳ ರಕ್ತ ತೆಗೆದರು, ಈಗ ಅವರ ಡಬ್ಬಿ ತುಂಬಿಸುವುದೇ ಅವಳ ವ್ಯಾಪಾರ. 1864ರ ಡಿಸೆಂಬರ್ 24ರಂದು ಸತ್ತಳು. ಸಮಾಧಿಗೆ ಕಲ್ಲು ಕೂಡ ಇಲ್ಲ.

ನನ್ನ ಕೈಯಲ್ಲಿ ದುಡ್ಡಿದ್ದಿದ್ದರೆ ಸಿನಿಮಾವನ್ನು ಇಲ್ಲಿಂದ ಶುರು ಮಾಡುತ್ತಿದ್ದೆ: ಆಸ್ಪತ್ರೆಯ ಹಿಂಬಾಗಿಲು, ಕೈಯಲ್ಲಿ ಜಿಗಣೆ ಪಾತ್ರೆ, ಎಣಿಸಿ ತೆಗೆದುಕೊಳ್ಳುವ ಕಾಂಪೌಂಡರನ ಜೊತೆ ರೇಟಿಗಾಗಿ ಚೌಕಾಸಿ ಮಾಡುವ ನಡುವಯಸ್ಸಿನ ಹೆಂಗಸು. ಆ ಪಾತ್ರಕ್ಕೆ ಸಂಭಾಷಣೆ ಧಾರಾಳವಾಗಿ ಬರೆಯಬೇಕಾಗುತ್ತದೆ.